ನಿಮ್ಮ ಏರಿಯಾಗೆ ಸಹಾಯದ ಗಾಡಿ ಬರಬೇಕಾ? ಬೆಂಗಳೂರಿನವರಿಗೆ ಹಂತ ಹಂತದ ದಾರಿ

ಓದುಗರು ಕೇಳುವ ಮಾತು ಬೇರೆ ಬೇರೆ, ವಿಷಯ ಮಾತ್ರ ಒಂದೇ. "ನಮ್ಮ ಬೀದಿಗೆ ಪೊಲೀಸರು ಬರೋದು ಗಲಾಟೆ ಮುಗಿದ ಮೇಲೆ." "ಸಂಜೆ ಏಳಾದ ಮೇಲೆ ಮಗಳನ್ನು ಅಂಗಡಿಗೆ ಕಳಿಸೋಕೆ ಭಯ." "ಮನೆಯಲ್ಲಿ ಏಟು ತಿನ್ನೋ ಹೆಂಗಸು ಸಹಾಯ ಕೇಳೋಕೆ ಎರಡು ಬಸ್ ಬದಲಿಸಬೇಕು, ಅರ್ಧ ದಿನದ ಕೂಲಿ ಹೋಗುತ್ತೆ. ಸಹಾಯನೇ ನಮ್ಮ ಹತ್ತಿರ ಬರಲ್ವಾ?"

ಬರುತ್ತದೆ. ಕರೆಸಲು ಶಾಸಕರ ಶಿಫಾರಸು ಬೇಕಿಲ್ಲ. ಬೇಕಿರುವುದು ನಾಲ್ಕೈದು ಅರ್ಜಿ, ಒಂದಷ್ಟು ಓಡಾಟ ಮತ್ತು ಸುಮಾರು ಎರಡು ತಿಂಗಳ ತಾಳ್ಮೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಒಮ್ಮೆ ಬರುವಂತೆ ಮಾಡುವುದು ಕಷ್ಟವಲ್ಲ. ಬ್ಯಾನರ್ ಕಟ್ಟಿ, ಫೋಟೊ ಹೊಡೆದು, ಟೀ ಕುಡಿದು ಹೋಗುವ ಶಿಬಿರಗಳಿಗೆ ಬರವಿಲ್ಲ. ಅದೇ ಗಾಡಿ ಅದೇ ಜಾಗಕ್ಕೆ ಮುಂದಿನ ತಿಂಗಳೂ ಬರಬೇಕು, ಭಯ ಇರುವವರು ಯಾರ ಕಣ್ಣಿಗೂ ಬೀಳದೆ ಅದರ ಹತ್ತಿರ ಹೋಗುವಂತಿರಬೇಕು. ಕಷ್ಟ ಇರುವುದು ಅಲ್ಲಿ.

ಇಲ್ಲಿ ಹೇಳಿರುವುದು ಬೆಂಗಳೂರಿನ ಲೆಕ್ಕದಲ್ಲಿ. ಮೈಸೂರು, ಹುಬ್ಬಳ್ಳಿ, ಕಲಬುರಗಿಯವರು ಕಚೇರಿಯ ವಿಳಾಸ ಬದಲಿಸಿಕೊಂಡರೆ ಸಾಕು, ದಾರಿ ಹೆಚ್ಚುಕಮ್ಮಿ ಇದೇ.

ಮೊದಲು, ಯಾರ ಹತ್ತಿರ ಏನಿದೆ?

ಎಲ್ಲವನ್ನೂ ಹೊತ್ತು ತರುವ ಒಂದೇ ಗಾಡಿ ಅಂತ ಇಲ್ಲ. ಬೇರೆ ಬೇರೆ ಇಲಾಖೆಗಳ ತುಂಡುಗಳನ್ನು ತಿಂಗಳಿಗೊಂದು ಶಿಬಿರವಾಗಿ ನೀವೇ ಹೊಲಿದು ಜೋಡಿಸಬೇಕು.

ಹೊಯ್ಸಳ ಅಂದರೆ ನಗರ ಪೊಲೀಸರ ಗಸ್ತು ಕಾರು. ಹೆಣ್ಣುಮಕ್ಕಳ ದೂರುಗಳಿಗೆಂದೇ 2017ರಲ್ಲಿ ಪಿಂಕ್ ಹೊಯ್ಸಳ ಬಂತು. ಎರಡನ್ನೂ ಕರೆಸುವ ನಂಬರ್ 112. ಬೈಕಿನಲ್ಲಿ ಬರುವ ಗಸ್ತಿಗೆ ಚೀತಾ ಅನ್ನುತ್ತಾರೆ. ಕಾರು ನುಗ್ಗದ ಗಲ್ಲಿಗಳಿಗೆ ನೀವು ಕೇಳಬೇಕಾದ್ದು ಇದನ್ನೇ.

ಕಾನೂನು ಸಾಕ್ಷರತಾ ರಥ ಕಾನೂನು ಸೇವೆಗಳ ಪ್ರಾಧಿಕಾರದವರದ್ದು. ವಕೀಲರು ಬಂದು ಬಿಟ್ಟಿಯಾಗಿ ಸಲಹೆ ಕೊಡುತ್ತಾರೆ. ಇದರ ಜೊತೆಗೆ ಸಂಚಾರಿ ಜನತಾ ನ್ಯಾಯಾಲಯವನ್ನೂ ನಡೆಸುವುದುಂಟು. ಅಂದರೆ ಎರಡೂ ಕಡೆಯವರು ಒಪ್ಪಿದರೆ ಸಣ್ಣಪುಟ್ಟ ವ್ಯಾಜ್ಯವನ್ನು ಅಲ್ಲೇ ರಾಜಿಯಲ್ಲಿ ಮುಗಿಸುವ ವ್ಯವಸ್ಥೆ.

ಸಖಿ ಒನ್ ಸ್ಟಾಪ್ ಸೆಂಟರ್ 2015ರಿಂದ ಇರುವ ಕೇಂದ್ರ ಸರ್ಕಾರದ ಯೋಜನೆ. ಹಿಂಸೆಗೆ ಒಳಗಾದ ಹೆಂಗಸರಿಗೆ ಚಿಕಿತ್ಸೆ, ಪೊಲೀಸ್ ಸಹಾಯ, ವಕೀಲರು, ಆಪ್ತ ಸಮಾಲೋಚನೆ, ಕೆಲವು ದಿನ ಉಳಿಯಲು ಜಾಗ, ಎಲ್ಲವೂ ಒಂದೇ ಸೂರಿನಡಿ. ಇದು ಕಟ್ಟಡ, ನಡೆದು ಬರುವುದಿಲ್ಲ. ಆದರೆ ಅಲ್ಲಿನ ಸಮಾಲೋಚಕಿಯನ್ನು ಶಿಬಿರಕ್ಕೆ ಕಳಿಸಿ ಎಂದು ಕೇಳಬಹುದು.

ಇನ್ನು ಫೋನ್ ನಂಬರ್‌ಗಳು. ಹೆಂಗಸರಿಗೆ 181, ಮಕ್ಕಳಿಗೆ 1098, ಕಾನೂನು ನೆರವಿಗೆ 15100, ಆನ್‌ಲೈನ್ ಮೋಸಕ್ಕೆ 1930, ಮನಸ್ಸಿನ ತೊಂದರೆಗೆ ಟೆಲಿಮಾನಸ್ 14416, ಕುಡಿತ-ಗಾಂಜಾ ಬಿಡಲು 14446, ಬೆಂಗಳೂರಿನ ಹಿರಿಯರಿಗೆ 1090. ಇಷ್ಟನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1. ಐದಾರು ಜನರ ತಂಡ ಕಟ್ಟಿ

ಸಂಘ ನೋಂದಣಿ, ಲೆಟರ್‌ಹೆಡ್ ಏನೂ ಬೇಡ. ಆದರೆ ಯಾರು ಇರಬೇಕು ಎಂಬುದು ಮುಖ್ಯ. ಅಂಗನವಾಡಿ ಟೀಚರ್ ಇರಲೇಬೇಕು. ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ ಗೊತ್ತಿರುವಷ್ಟು ಠಾಣೆಗೂ ಗೊತ್ತಿರುವುದಿಲ್ಲ. ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಇಬ್ಬರು, ಒಬ್ಬ ಆಟೊ ಚಾಲಕ ಅಥವಾ ರಾತ್ರಿ ಹೊತ್ತು ತೆರೆದಿರುವ ಅಂಗಡಿಯವರು, ಒಬ್ಬ ಕಾಲೇಜು ಹುಡುಗಿ. ಬೀದಿಯಲ್ಲಿ ಬೇರೆ ಭಾಷೆಯವರು ಜಾಸ್ತಿ ಇದ್ದರೆ ಅವರ ಕಡೆಯಿಂದ ಒಬ್ಬರು.

ಪಕ್ಷದ ಪದಾಧಿಕಾರಿಗಳನ್ನು ದೂರ ಇಡಿ. ಅವರು ಕೆಟ್ಟವರು ಅಂತಲ್ಲ. ಅವರು ಬಂದರೆ ಬ್ಯಾನರ್ ಬರುತ್ತದೆ, ಬ್ಯಾನರ್ ಬಂದರೆ ಬೀದಿಯ ಅರ್ಧ ಜನ ಬರುವುದಿಲ್ಲ.

ಇನ್ನೊಂದು ಎಚ್ಚರಿಕೆ. "ನಾವೇ ಹುಡುಗರು ರಾತ್ರಿ ಕೋಲು ಹಿಡಿದು ಕಾಯ್ತೀವಿ" ಎನ್ನುವ ಉತ್ಸಾಹಿಗಳು ಎಲ್ಲ ಏರಿಯಾದಲ್ಲೂ ಇರುತ್ತಾರೆ. ಬೇಡ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಎಂಬ ವಾಟ್ಸ್‌ಆ್ಯಪ್ ವದಂತಿಗೆ ಸಿಕ್ಕಿ ಹೊರರಾಜ್ಯದಿಂದ ಬಂದಿದ್ದ ಒಬ್ಬರನ್ನು ಜನರೇ ಹೊಡೆದು ಕೊಂದರು. ನಿಮ್ಮ ತಂಡದ ಕೆಲಸ ಸಹಾಯವನ್ನು ಕರೆಸುವುದು. ಹಿಡಿಯುವುದು, ಹೊಡೆಯುವುದು, ಯಾರು ಯಾರ ಜೊತೆ ಓಡಾಡುತ್ತಾರೆ ಅಂತ ಕೇಳುವುದು ನಿಮ್ಮ ಕೆಲಸವಲ್ಲ.

2. ಭಯದ ಜಾಗಗಳ ಪಟ್ಟಿ ಮಾಡಿ

"ನಮ್ಮ ಏರಿಯಾ ತುಂಬಾ ಕೆಟ್ಟೋಗಿದೆ ಸಾರ್" ಎಂದರೆ ಯಾವ ಅಧಿಕಾರಿಯೂ ಏನೂ ಮಾಡಲಾರರು. ಸಂಜೆ ಏಳಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ ತಂಡ ಬೀದಿ ಸುತ್ತಲಿ. ಮೂರೇ ವಿಷಯ ಬರೆದುಕೊಳ್ಳಿ: ಯಾವ ಜಾಗ, ಯಾವ ಹೊತ್ತು, ಏನು ತೊಂದರೆ. ಉದಾಹರಣೆಗೆ: "ಬಸ್ ನಿಲ್ದಾಣದಿಂದ ಎರಡನೇ ಅಡ್ಡರಸ್ತೆವರೆಗೆ, ರಾತ್ರಿ 8ರಿಂದ 9, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬರುವ ಹೊತ್ತು, ಮೂರು ದೀಪ ಉರಿಯುತ್ತಿಲ್ಲ, ಬೈಕ್‌ನವರು ಹಿಂಬಾಲಿಸುತ್ತಾರೆ."

ವ್ಯಕ್ತಿಗಳ ಹೆಸರು ಬರೆಯಬೇಡಿ. ಹೆಸರು ಬರೆದ ಹಾಳೆ ಸಂಜೆಯೊಳಗೆ ಯಾರದ್ದೋ ಫೋನಿನಲ್ಲಿ ಓಡಾಡುತ್ತಿರುತ್ತದೆ. ಮಾರನೇ ದಿನ ನಿಮ್ಮ ಮನೆ ಬಾಗಿಲಲ್ಲಿ ಜಗಳ. ಹೆಸರು ಹೇಳಬೇಕಾದ ವಿಷಯವಿದ್ದರೆ ಠಾಣೆಯಲ್ಲಿ ಬೇರೆಯಾಗಿ ದೂರು ಕೊಡಿ.

ಪಟ್ಟಿ ಮುಗಿದಾಗ ಒಂದು ವಿಷಯ ಗಮನಕ್ಕೆ ಬರುತ್ತದೆ. ಎಷ್ಟೋ ತೊಂದರೆಗೆ ಪೊಲೀಸರೇ ಬೇಕಿಲ್ಲ. ಉರಿಯದ ಬೀದಿದೀಪ, ಬೇಲಿಯಿಲ್ಲದ ಖಾಲಿ ಸೈಟು, ಬಾಗಿಲು ಮುರಿದ ಸಾರ್ವಜನಿಕ ಶೌಚಾಲಯ. ಇವು ಪಾಲಿಕೆಯ ಕೆಲಸ. ಸಹಾಯವಾಣಿ 1533. ಕಂಬದ ಮೇಲೆ ನಂಬರ್ ಇದ್ದರೆ ಅದನ್ನೂ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹಳೇ ವಾರ್ಡ್ ಹೆಸರು ಹಾಕಿದ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ, ನಿಮ್ಮದು ಯಾವ ಪಾಲಿಕೆ ಅಂತ ಮೊದಲು ಖಚಿತ ಮಾಡಿಕೊಳ್ಳಿ.

3. ಠಾಣೆಗೆ ಹೋಗಿ, ಬೀಟ್ ಪೊಲೀಸರನ್ನು ಹಿಡಿಯಿರಿ

ಬೀಟ್ ಅಂದರೆ ಒಬ್ಬ ಪೊಲೀಸ್ ಸಿಬ್ಬಂದಿಗೆ ವಹಿಸಿದ ಸಣ್ಣ ಪ್ರದೇಶ. ನಿಮ್ಮ ಬೀದಿಯೂ ಒಬ್ಬರ ಬೀಟ್‌ನಲ್ಲಿ ಇದ್ದೇ ಇರುತ್ತದೆ. ಅವರು ಯಾರು ಎಂದು ಕೇಳುವ ಹಕ್ಕು ನಿಮಗಿದೆ. 2025ರ ಜುಲೈನಲ್ಲಿ ರಾಜ್ಯದಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಯೋಜನೆಯ ಉದ್ದೇಶವೇ ಬೀಟ್ ಸಿಬ್ಬಂದಿ ಮನೆ ಬಾಗಿಲಿಗೆ ಬಂದು ಕಷ್ಟ ಕೇಳುವುದು. ಹಾಗಾಗಿ "ನಮ್ಮ ಬೀದಿಗೆ ಯಾವಾಗ ಬರ್ತೀರಿ?" ಎಂದು ಕೇಳಲು ಮುಜುಗರ ಬೇಡ.

ಬೀಟ್‌ನಲ್ಲಿ ಪಾಯಿಂಟ್‌ಗಳಿರುತ್ತವೆ. ಗಸ್ತಿನವರು ಬಂದು ಗುರುತು ಹಾಕಿ ಹೋಗಬೇಕಾದ ಜಾಗಗಳು ಇವು. ಹಿಂದೆ ಗೋಡೆಗೆ ತೂಗುಹಾಕಿದ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದರು, ಈಗ ಬಹಳ ಕಡೆ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಪಾಯಿಂಟ್ ಹೆಚ್ಚಾಗಿ ಎಲ್ಲಿರುತ್ತದೆ ಹೇಳಿ? ಬ್ಯಾಂಕು, ಎಟಿಎಂ, ಒಡವೆ ಅಂಗಡಿ. ನಿಮ್ಮ ಪಟ್ಟಿಯಲ್ಲಿ ಮೇಲಿರುವ ಎರಡು ಜಾಗ ಆರಿಸಿ, ಅಲ್ಲೂ ಒಂದು ಪಾಯಿಂಟ್ ಇಡಿ ಎಂದು ಕೇಳಿ. ಇದಕ್ಕೆ ದುಡ್ಡು ಖರ್ಚಿಲ್ಲ, ಮೇಲಿನಿಂದ ಆದೇಶ ಬರಬೇಕಿಲ್ಲ. ನನ್ನ ಪ್ರಕಾರ ಈ ಇಡೀ ಲೇಖನದಲ್ಲಿ ಬೇಗ ಫಲ ಕೊಡುವ ಕೆಲಸ ಇದೊಂದೇ.

ಅರ್ಜಿಯನ್ನು ಇನ್ಸ್‌ಪೆಕ್ಟರ್ ಹೆಸರಿಗೆ ಬರೆಯಿರಿ, ಪ್ರತಿಯನ್ನು ಎಸಿಪಿಗೆ, ಅಂದರೆ ಸಹಾಯಕ ಪೊಲೀಸ್ ಆಯುಕ್ತರಿಗೆ ಕೊಡಿ. ಒಂದು ಪುಟ ಸಾಕು. ಪಟ್ಟಿಯನ್ನು ಲಗತ್ತಿಸಿ. ಕೇಳುವುದನ್ನು ಮೂರಕ್ಕೆ ನಿಲ್ಲಿಸಿ: ಪಾಯಿಂಟ್, ಇಂಥ ಹೊತ್ತಿಗೆ ಹೊಯ್ಸಳ ಅಥವಾ ಚೀತಾ ಗಸ್ತು, ತಿಂಗಳಿಗೊಂದು ದಿನ ಶಿಬಿರಕ್ಕೆ ಒಬ್ಬ ಮಹಿಳಾ ಸಿಬ್ಬಂದಿ. ಅರ್ಜಿಯಲ್ಲಿ "ಕ್ರೈಮ್ ಏರಿಯಾ", "ರೌಡಿಗಳ ಅಡ್ಡ" ಎಂಬ ಮಾತು ಬೇಡ. ಒಮ್ಮೆ ಆ ಹೆಸರು ಅಂಟಿದರೆ ಸಂಜೆ ಹೊತ್ತು ಕಟ್ಟೆ ಮೇಲೆ ಕೂತ ಹುಡುಗರೆಲ್ಲ ಠಾಣೆಯ ಜೀಪು ಹತ್ತಬೇಕಾಗುತ್ತದೆ. ನೀವು ಕೇಳಿದ್ದು ಅದನ್ನಲ್ಲ, ಅಲ್ವಾ?

ಕೊಟ್ಟ ಅರ್ಜಿಗೆ ಸ್ವೀಕೃತಿ ತೆಗೆದುಕೊಳ್ಳಿ, ಅಂದರೆ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು, ಸಹಿ. "ಇಟ್ಟು ಹೋಗಿ, ನೋಡ್ತೀವಿ" ಎಂದರೆ ನಗುತ್ತಲೇ ಇನ್ನೊಮ್ಮೆ ಕೇಳಿ. ಠಾಣೆಯಲ್ಲಿ ಕೆಲಸ ಆಗದಿದ್ದರೆ ತಿಂಗಳಿಗೊಮ್ಮೆ ನಗರ ಪೊಲೀಸರು ನಡೆಸುವ ಮಾಸಿಕ ಜನಸಂಪರ್ಕ ದಿವಸಕ್ಕೆ ಹೋಗಿ. ಹಿರಿಯ ಅಧಿಕಾರಿಗಳೇ ಎದುರಿಗಿರುತ್ತಾರೆ, ಮೊಹರಿರುವ ಪ್ರತಿ ಅಲ್ಲಿ ಮಾತಾಡುತ್ತದೆ.

ಇದೇ ಹೊತ್ತಿಗೆ ಬೀದಿಯವರಿಗೆ ಒಂದು ಅಭ್ಯಾಸ ಮಾಡಿಸಿ. ತೊಂದರೆಯಾದಾಗ ಗುರುತಿನ ಕಾನ್‌ಸ್ಟೆಬಲ್ ಮೊಬೈಲಿಗೆ ಫೋನ್ ಮಾಡಬೇಡಿ, 112ಕ್ಕೇ ಮಾಡಿ. ಗುರುತಿನವರು ಬಂದು ಸಮಾಧಾನ ಮಾಡಿ ಹೋಗಬಹುದು, ಆದರೆ ಎಲ್ಲೂ ದಾಖಲೆ ಉಳಿಯುವುದಿಲ್ಲ. ದಾಖಲೆಯಲ್ಲಿ ನಿಮ್ಮ ಬೀದಿ ಶಾಂತವಾಗಿಯೇ ಇರುತ್ತದೆ, ಶಾಂತವಾದ ಬೀದಿಗೆ ಗಸ್ತು ಯಾಕೆ ಬರುತ್ತದೆ?

4. ವಕೀಲರ ಗಾಡಿಗೆ ಅರ್ಜಿ

ಬೆಂಗಳೂರು ನಗರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ. ಇದರ ಕಾರ್ಯದರ್ಶಿ ಒಬ್ಬ ನ್ಯಾಯಾಧೀಶರು. ಅವರಿಗೆ ಅರ್ಜಿ ಕೊಡಿ: "ನಮ್ಮ ಬಡಾವಣೆಯಲ್ಲಿ ಕಾನೂನು ಅರಿವು ಮತ್ತು ನೆರವು ಶಿಬಿರ ಬೇಕು." ಮೂರು ತಾರೀಕು ಸೂಚಿಸಿ, ಜಾಗ ಹೇಳಿ, ಸುಮಾರು ಎಷ್ಟು ಜನ ಬರಬಹುದು ಎಂದು ಬರೆಯಿರಿ. ಯಾವ ವಿಷಯದ ವಕೀಲರು ಬೇಕು ಎಂದೂ ಬರೆಯಿರಿ. ಹಾಗೆ ಬರೆಯದಿದ್ದರೆ ಮೂಲಭೂತ ಕರ್ತವ್ಯಗಳ ಮೇಲೆ ಒಂದು ಗಂಟೆ ಭಾಷಣ ಕೇಳಬೇಕಾಗಬಹುದು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ವಕೀಲರ ನೆರವು ಉಚಿತ. ಇವರಿಗೆ ಆದಾಯದ ಮಿತಿ ಇಲ್ಲ. "ಬಿಪಿಎಲ್ ಕಾರ್ಡ್ ಇಲ್ಲ, ನಂಗೆ ಸಿಗಲ್ಲ" ಎಂದುಕೊಂಡು ಸುಮ್ನೆ ಕೂತ ಹೆಂಗಸರು ಎಷ್ಟೋ ಜನ. ಅವರಿಗೆ ಮೊದಲು ಇದನ್ನು ಹೇಳಿ. ಅಪರಾಧದಿಂದ ನೊಂದವರಿಗೆ ಸಿಗುವ ಪರಿಹಾರದ ಅರ್ಜಿಯೂ ಇದೇ ಪ್ರಾಧಿಕಾರಕ್ಕೆ ಹೋಗುತ್ತದೆ.

5. ಸಿಡಿಪಿಒ ಕಚೇರಿ ಮರೆಯಬೇಡಿ

ಸಿಡಿಪಿಒ ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಗಳ ಮೇಲಧಿಕಾರಿ ಎಂದಷ್ಟೇ ಜನಕ್ಕೆ ಗೊತ್ತು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಕೆಲಸವೂ ಇವರದ್ದೇ. ಹೆಂಡತಿಗೆ ಹೊಡೆಯುವ, ಮನೆಯಿಂದ ಹೊರಹಾಕುವ ಪ್ರಕರಣಗಳಲ್ಲಿ ವರದಿ ತಯಾರಿಸಿ ನ್ಯಾಯಾಲಯಕ್ಕೆ ಕೊಡುವುದು ಇವರು. ಠಾಣೆಗೆ ಹೋಗಲು ಇಷ್ಟವಿಲ್ಲದ ಹೆಂಗಸಿಗೆ ಇದು ಇನ್ನೊಂದು ಬಾಗಿಲು. ಅಂಗನವಾಡಿ ಟೀಚರ್ ಮೂಲಕ ಮೇಲ್ವಿಚಾರಕಿಗೆ, ಅವರಿಂದ ಸಿಡಿಪಿಒಗೆ ಅರ್ಜಿ ಕಳಿಸಿ. ಸಖಿ ಕೇಂದ್ರದ ಸಮಾಲೋಚಕಿಯನ್ನೂ ಅದೇ ಪತ್ರದಲ್ಲಿ ಕೇಳಿ.

6. ಜಾಗ ಮತ್ತು ಹೊತ್ತು

ಠಾಣೆಯ ಮುಂದೆ ಬೇಡ. ನಾನು ನೋಡಿದ ಒಂದು ಶಿಬಿರದಲ್ಲಿ ಶಾಮಿಯಾನ ಹಾಕಿದ್ದು ಹೊರಠಾಣೆಯ ಎದುರಿಗೇ. ಬಂದವರು ಸಂಘಟಕರು ಮತ್ತು ಟೀ ಹುಡುಗ. ದೇವಸ್ಥಾನ, ಮಸೀದಿ, ಚರ್ಚ್ ಅಂಗಳ ಬೇಡ, ಕೆಲವರು ಬರುವುದಿಲ್ಲ. ಅಂಗನವಾಡಿ, ಸರ್ಕಾರಿ ಶಾಲೆ, ಅಂಬೇಡ್ಕರ್ ಭವನ ಒಳ್ಳೆಯದು. ಎರಡು ಕಡೆಯಿಂದ ಒಳಗೆ ಬರುವ ದಾರಿ ಇದ್ದರೆ ಇನ್ನೂ ಒಳ್ಳೆಯದು. ಯಾಕೆ ಅಂತ ಮುಂದಿನ ಹಂತದಲ್ಲಿ ಹೇಳುತ್ತೇನೆ.

ಹೊತ್ತಿನ ವಿಷಯದಲ್ಲಿ ಅಧಿಕಾರಿಗಳಿಗೆ ಬೆಳಗ್ಗೆ 11 ಅಂದರೆ ಪ್ರೀತಿ. ಆ ಹೊತ್ತಿಗೆ ನಿಮ್ಮ ಬೀದಿಯ ಹೆಂಗಸರು ಗಾರ್ಮೆಂಟ್ಸ್‌ನಲ್ಲೋ ಮನೆಕೆಲಸದಲ್ಲೋ ಇರುತ್ತಾರೆ. ಭಾನುವಾರ ಸಂಜೆ 4ರಿಂದ 7 ಕೇಳಿ. ಕಾವೇರಿ ನೀರು ಬಿಡುವ ದಿನ, ಹೊತ್ತು ನೋಡಿಕೊಳ್ಳಿ. ನಲ್ಲಿ ಬಿಟ್ಟು ಯಾರೂ ಬರುವುದಿಲ್ಲ, ಬರಲೂಬಾರದು.

7. ಟೇಬಲ್‌ಗಳ ಜೋಡಣೆ

ಹೆಚ್ಚಿನ ಶಿಬಿರಗಳು ಸೋಲುವುದು ಇಲ್ಲೇ. "ಮಹಿಳಾ ದೌರ್ಜನ್ಯ ತಡೆ ಶಿಬಿರ" ಎಂದು ಬ್ಯಾನರ್ ಕಟ್ಟಿದ್ದೀರಿ ಅಂದುಕೊಳ್ಳಿ. ಗಂಡನಿಂದ ಏಟು ತಿನ್ನುವ ಹೆಂಗಸು ಅದರ ಕೆಳಗೆ ಹೇಗೆ ನಡೆದು ಬರುತ್ತಾಳೆ? ಗಂಡನ ಗೆಳೆಯರು ಎದುರಿನ ಅಂಗಡಿಯಲ್ಲೇ ಇರುತ್ತಾರೆ, ಅತ್ತೆ ಮಹಡಿಯಿಂದ ನೋಡುತ್ತಿರುತ್ತಾರೆ. ಮನೆಯಿಂದ ಹೊರಡುವಾಗ ಆಕೆಗೆ ಹೇಳಲು ಒಂದು ನೆಪ ಬೇಕು. ಆ ನೆಪವನ್ನು ಕೊಡುವುದು ನಿಮ್ಮ ಕೆಲಸ.

ಆದ್ದರಿಂದ ಬ್ಯಾನರ್ ಮೇಲೆ ಬರೆಯಬೇಕಾದ್ದು "ಬಿಪಿ, ಶುಗರ್ ತಪಾಸಣೆ, ರೇಷನ್ ಕಾರ್ಡ್, ಪಿಂಚಣಿ ಮಾಹಿತಿ, ಉಚಿತ ಕಾನೂನು ಸಲಹೆ". ತಪಾಸಣೆಗೆ ಸರ್ಕಾರದ ‘ನಮ್ಮ ಕ್ಲಿನಿಕ್’ ಅಥವಾ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಅನ್ನು ಕೇಳಿಕೊಳ್ಳಿ. "ಶುಗರ್ ನೋಡಿಸ್ಕೊಂಡು ಬರ್ತೀನಿ" ಎಂದರೆ ಯಾವ ಗಂಡನೂ ಬೇಡ ಅನ್ನುವುದಿಲ್ಲ.

ಮುಂದಿನ ಅಂಗಳದಲ್ಲಿ ತಪಾಸಣೆ, ಅರ್ಜಿ ಬರೆದುಕೊಡುವ ಟೇಬಲ್. ಒಳಗಿನ ಕೋಣೆಯಲ್ಲಿ, ಬಾಗಿಲಿಗೆ ಪರದೆ ಹಾಕಿ, ಸಮಾಲೋಚಕಿ ಮತ್ತು ಮಹಿಳಾ ವಕೀಲರು. ಬಿಪಿ ನೋಡುವಾಗ ನರ್ಸ್ ಮೆಲ್ಲಗೆ ಒಂದು ಮಾತು ಕೇಳಲಿ: "ಬೇರೆ ಏನಾದ್ರೂ ಮಾತಾಡೋದಿದ್ಯಾ ಅಕ್ಕ?" ಇದ್ದರೆ ಒಳಗೆ. ಮಾತು ಮುಗಿದ ಮೇಲೆ ಹಿಂದಿನ ಬಾಗಿಲಿಂದ ಮನೆಗೆ. ಎರಡು ದಾರಿ ಇರಲಿ ಅಂದಿದ್ದು ಇದಕ್ಕೇ.

ಪೊಲೀಸರು ಎಲ್ಲಿರಬೇಕು? ಇರಬೇಕು, ಆದರೆ ಆ ಕೋಣೆಯ ಹತ್ತಿರ ಬೇಡ. ಗೇಟಿನ ಪಕ್ಕ ಒಂದು ಟೇಬಲ್ ಕೊಡಿ. ಮೊಬೈಲ್ ಕಳೆದುಹೋದವರು, 1930ರ ಬಗ್ಗೆ ಕೇಳುವವರು ಅಲ್ಲಿಗೆ ಹೋಗಲಿ. ಸಮವಸ್ತ್ರ ಇಲ್ಲದೆ ಬರುವ ಮಹಿಳಾ ಸಿಬ್ಬಂದಿ ಸಿಕ್ಕರೆ ಅದೃಷ್ಟ. ದೂರು ಕೊಡಲು ಯಾರಾದರೂ ಒಪ್ಪಿದರೆ ಮಾತ್ರ ಪೊಲೀಸರನ್ನು ಒಳಗೆ ಕರೆಯಿರಿ. ಒಪ್ಪದಿದ್ದರೆ ಒತ್ತಾಯ ಬೇಡ. ಒಂದು ವಿಷಯದಲ್ಲಿ ಮಾತ್ರ ಇದು ನಡೆಯುವುದಿಲ್ಲ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಡುವುದೇ ಅಪರಾಧ. ತಂಡದ ಎಲ್ಲರಿಗೂ ಇದನ್ನು ಮೊದಲೇ ಹೇಳಿರಿ.

ಗಾಂಜಾ, ಮಾತ್ರೆ, ಸೊಲ್ಯೂಷನ್ (ಮೂಸುವ ಅಂಟು) ಚಟಕ್ಕೆ ಬಿದ್ದ ಹುಡುಗರ ತಾಯಂದಿರು ಬಂದೇ ಬರುತ್ತಾರೆ. "ಹೇಳಿದ್ರೆ ಮಗನ್ನ ಹಿಡ್ಕೊಂಡು ಹೋಗ್ತಾರೆ" ಎಂಬ ಭಯ ಅವರದು. ಮಾದಕ ವಸ್ತು ಕಾಯ್ದೆಯ 64ಎ ಕಲಂ ಪ್ರಕಾರ, ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಬಂದರೆ ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣದಲ್ಲಿ ವಿಚಾರಣೆಯಿಂದ ರಕ್ಷಣೆ ಇದೆ. ಮಾರುವವರಿಗೆ ಇಲ್ಲ. ವಕೀಲರ ಬಾಯಿಂದಲೇ ಇದನ್ನು ಹೇಳಿಸಿ, ನೀವು ಹೇಳಿದರೆ ನಂಬುವುದಿಲ್ಲ.

8. ಫೋಟೊ, ರಿಜಿಸ್ಟರ್

ಒಳಗಿನ ಕೋಣೆಯ ಕಡೆ ಮೊಬೈಲ್ ತಿರುಗಿಸುವಂತಿಲ್ಲ. ಅಧಿಕಾರಿಗಳಿಗೆ ವರದಿಗೆ ಫೋಟೊ ಬೇಕೇ ಬೇಕು. ಶುರುವಿನಲ್ಲೇ, ಜನ ಸೇರುವ ಮುಂಚೆ, ವೇದಿಕೆಯದ್ದು ತೆಗೆದುಕೊಳ್ಳಲಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗ ಮಾಡುವುದು ಶಿಕ್ಷೆಯಾಗುವ ಅಪರಾಧ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಇದು ಅನ್ವಯ.

ಹಾಜರಿ ಪುಸ್ತಕ ತಪಾಸಣೆ ಟೇಬಲ್‌ನಲ್ಲಿ ಮಾತ್ರ ಇರಲಿ. ಒಳಗೆ ಹೋದವರ ವಿವರ ಸಮಾಲೋಚಕಿಯ ಚೀಲದಲ್ಲೇ ಹೋಗಲಿ, ನಿಮ್ಮ ಮನೆಗೆ ಬೇಡ. ಸಹಾಯವಾಣಿ ನಂಬರ್ ಇರುವ ಚೀಟಿಯನ್ನು ಮಡಚಿದರೆ ಪರ್ಸಿನ ಸಣ್ಣ ಜೇಬಿಗೆ ಹೋಗುವಷ್ಟು ಚಿಕ್ಕದು ಮಾಡಿಸಿ. ಮೇಲ್ಗಡೆ ಗ್ಯಾಸ್ ಬುಕಿಂಗ್, ಬೆಸ್ಕಾಂ 1912, ಆಂಬುಲೆನ್ಸ್ 108, ಅದರ ನಡುವೆ 181 ಇರಲಿ. ಮನೆಯಲ್ಲಿ ಯಾರು ನೋಡಿದರೂ ಸಂಶಯ ಬರುವುದಿಲ್ಲ.

ದೂರು ಕೊಡಲು ಮುಂದೆ ಬಂದವರಿಗೆ ಎರಡು ವಿಷಯ ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಝೀರೋ ಎಫ್‌ಐಆರ್‌ಗೆ ಸ್ಪಷ್ಟ ಜಾಗವಿದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯವರೂ ತೆಗೆದುಕೊಳ್ಳಬೇಕು. "ನಮ್ಮ ಲಿಮಿಟ್ಸ್ ಅಲ್ಲ" ಅನ್ನುವ ಹಾಗಿಲ್ಲ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

9. ಮತ್ತೆ ಬರುವಂತೆ ಮಾಡುವುದು

ಮೊದಲ ಶಿಬಿರಕ್ಕೆ ಜನ ಕಡಿಮೆ ಬರುತ್ತಾರೆ. ಒಳಗಿನ ಕೋಣೆಗೆ ಒಬ್ಬರೂ ಹೋಗದೆ ಇರಬಹುದು. ಬೇಜಾರಾಗಬೇಡಿ. ಅವರು ನೋಡುತ್ತಿರುತ್ತಾರೆ: ಯಾರು ಬಂದರು, ಒಳಗೆ ಹೋದವರ ಸುದ್ದಿ ಹೊರಗೆ ಬಂತಾ, ಮುಂದಿನ ತಿಂಗಳೂ ಇದು ಇರುತ್ತಾ. ಮಾತಾಡುವವರು ಎರಡನೇ ಅಥವಾ ಮೂರನೇ ಸಲಕ್ಕೆ ಬರುತ್ತಾರೆ.

ಹಾಗಾಗಿ ಮೊದಲ ದಿನವೇ ಮುಂದಿನ ತಾರೀಕು ಬರೆದು ಗೋಡೆಗೆ ಅಂಟಿಸಿ. "ತಿಂಗಳ ಎರಡನೇ ಭಾನುವಾರ, ಸಂಜೆ 4" ಎಂದು ಒಂದೇ ಲೆಕ್ಕ ಇಟ್ಟುಕೊಳ್ಳಿ. ಶಿಬಿರ ಮುಗಿದ ಮೂರು ದಿನದೊಳಗೆ ಬಂದ ಎಲ್ಲ ಕಚೇರಿಗೂ ಒಂದು ಪುಟದ ಧನ್ಯವಾದ ಪತ್ರ ಕೊಡಿ. ಎಷ್ಟು ಜನ ಬಂದರು, ಎಷ್ಟು ಅರ್ಜಿ ಬರೆದರು ಎಂಬ ಲೆಕ್ಕ ಇರಲಿ, ಹೆಸರು ಬೇಡ. ಕೊನೆಯ ಸಾಲಿನಲ್ಲಿ ಮುಂದಿನ ತಾರೀಕು. ಅಧಿಕಾರಿಗಳ ಫೈಲಿಗೆ ಈ ಪತ್ರ ಬೇಕಾಗುತ್ತದೆ, ಅದು ಸಿಕ್ಕಿದರೆ ಮುಂದಿನ ಸಲ ಸಿಬ್ಬಂದಿಯನ್ನು ಕಳಿಸಲು ಅವರಿಗೂ ಸುಲಭ.

ಇನ್ಸ್‌ಪೆಕ್ಟರ್, ಕಾರ್ಯದರ್ಶಿ, ಸಿಡಿಪಿಒ ಎಲ್ಲರಿಗೂ ವರ್ಗಾವಣೆ ಆಗುತ್ತಿರುತ್ತದೆ. ಹೊಸಬರು ಬಂದ ವಾರದಲ್ಲೇ ಹಳೇ ಅರ್ಜಿಯ ಮೊಹರಿರುವ ಪ್ರತಿ ಹಿಡಿದು ಹೋಗಿ ಪರಿಚಯ ಮಾಡಿಕೊಳ್ಳಿ. ಒಂದು ತಿಂಗಳು ವಕೀಲರು ಬರದಿದ್ದರೆ ಶಿಬಿರ ನಿಲ್ಲಿಸಬೇಡಿ. ನರ್ಸ್ ಮತ್ತು ಅಂಗನವಾಡಿ ಟೀಚರ್ ಇಬ್ಬರೇ ಕೂರಲಿ, 15100ಕ್ಕೆ ಅಲ್ಲಿಂದಲೇ ಫೋನ್ ಮಾಡಿಸಿ. ಚುನಾವಣೆ ನೀತಿ ಸಂಹಿತೆ ಇದ್ದಾಗ ಬ್ಯಾನರ್, ಮೈಕು ಬಿಟ್ಟು ಬರೀ ತಪಾಸಣೆ ನಡೆಸಲು ಅನುಮತಿ ಕೇಳಿ.

ಮೂರು ತಿಂಗಳಾದ ಮೇಲೆ ಹಳೇ ಪಟ್ಟಿ ತೆಗೆದುಕೊಂಡು ಅದೇ ಹೊತ್ತಿಗೆ ಅದೇ ಬೀದಿಗಳನ್ನು ಇನ್ನೊಮ್ಮೆ ಸುತ್ತಿ. ಸರಿಯಾದದ್ದಕ್ಕೆ ಗೆರೆ ಎಳೆಯಿರಿ, ಹೊಸದನ್ನು ಸೇರಿಸಿ. ಆ ಹೊಸ ಹಾಳೆಯೇ ನಿಮ್ಮ ಮುಂದಿನ ಅರ್ಜಿಯ ಲಗತ್ತು.